ಹಂಪಿಗೆ ಹೋದರೆ ಉಳಿಯುವುದೆಲ್ಲಿ? ಹೊಸಪೇಟೆ, ಕಮಲಾಪುರ, ಜನತಾ ಪ್ಲಾಟ್, ಆನೆಗೊಂದಿ

ಹಂಪಿಗೆ ಹೊರಟವರು ಮೊದಲು ಕೇಳುವುದು ಎಷ್ಟು ದಿನ ಬೇಕು ಎಂದು, ಆಮೇಲೆ ಯಾವ ಹೋಟೆಲ್ ಚೆನ್ನಾಗಿದೆ ಎಂದು. ಎರಡಕ್ಕೂ ಉತ್ತರ ಹೇಳುವ ಮುಂಚೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಬೆಳಗ್ಗೆ ಆರು ಗಂಟೆಗೆ ನೀವು ಎಲ್ಲಿರಬೇಕು? ಮಾತಂಗ ಬೆಟ್ಟದ ತುದಿಯಲ್ಲೋ, ಭತ್ತದ ಗದ್ದೆಯ ಬದುವಿನ ಮೇಲೋ, ಇಲ್ಲಾ ಎಸಿ ಹಾಕಿಕೊಂಡು ಹೊದಿಕೆಯೊಳಗೋ? ಅದು ಗೊತ್ತಾದರೆ ಯಾವ ಊರಲ್ಲಿ ಕೋಣೆ ಹಿಡಿಯಬೇಕೆಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಂಪಿ ಎಂದರೆ ಬಂಡೆ. ಹತ್ತೂವರೆ ಆಯಿತೆಂದರೆ ಆ ಬಂಡೆ ಕಾಯಲು ಶುರು, ಸಂಜೆ ನಾಲ್ಕರವರೆಗೂ ಆರುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಂತೂ 40 ಡಿಗ್ರಿ ಮಾಮೂಲು. ಹಾಗಾಗಿ ಇಲ್ಲಿ ನೋಡುವ ಹೊತ್ತು ಎಂದರೆ ಬೆಳಗ್ಗೆ ಮೂರು ನಾಲ್ಕು ತಾಸು, ಸಂಜೆ ಎರಡು ತಾಸು. ಆ ಹೊತ್ತಿನಲ್ಲಿ ನೀವು ಬಸ್ಸಲ್ಲೋ ಆಟೋದಲ್ಲೋ ಇದ್ದರೆ ಕೋಣೆ ಎಷ್ಟು ಚೆನ್ನಾಗಿದ್ದೂ ಏನು ಬಂತು?

ಇನ್ನೊಂದು ಕಾರಣ ತುಂಗಭದ್ರೆ. ನಕ್ಷೆಯಲ್ಲಿ ವಿರೂಪಾಕ್ಷ ದೇವಸ್ಥಾನಕ್ಕೂ ಹೊಳೆಯ ಆಚೆಗೂ ಬೆರಳಗಲ ಅಂತರ. ರಸ್ತೆಯಲ್ಲಿ ಹೋದರೆ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಸುತ್ತಿಕೊಂಡು ಇಪ್ಪತ್ತು ಕಿಲೋಮೀಟರ್ ಮೇಲಾಗುತ್ತದೆ. ಈ ದಡ ವಿಜಯನಗರ ಜಿಲ್ಲೆ, ಆ ದಡ ಕೊಪ್ಪಳ ಜಿಲ್ಲೆ. ತಳವಾರಘಟ್ಟದಿಂದ ಆನೆಗೊಂದಿಗೆ ನೇರವಾಗಿ ಇನ್ನೊಂದು ಸೇತುವೆ ಕಟ್ಟಲು ಹೊರಟಿದ್ದರು. ಸ್ಮಾರಕಗಳ ನಡುವೆ ಆ ಕಾಮಗಾರಿ ಬಂದದ್ದೇ ಹಂಪಿಯನ್ನು 1999ರಲ್ಲಿ ಯುನೆಸ್ಕೋ ಅಪಾಯದಲ್ಲಿರುವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಲು ಮುಖ್ಯ ಕಾರಣಗಳಲ್ಲೊಂದಾಯಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು, 2009ರ ಜನವರಿಯಲ್ಲಿ ಸೇತುವೆ ಕಟ್ಟುತ್ತಿದ್ದ ಹಂತದಲ್ಲೇ ಕುಸಿದು ಬಿತ್ತು. ಹೀಗಾಗಿ ಇವತ್ತಿಗೂ ಹೊಳೆ ದಾಟುವುದೆಂದರೆ ಹಗಲು ಹೊತ್ತಿನ ದೋಣಿ, ಹರಿಗೋಲು, ಇಲ್ಲವಾದರೆ ದೊಡ್ಡ ಸುತ್ತು. ಕೋಣೆ ಹುಡುಕುವಾಗ ಯಾವ ದಡ ಎಂಬುದನ್ನು ಬಾಡಿಗೆಗಿಂತ ಮೊದಲು ನೋಡಿ.

ಹಳೆಯ ಸಲಹೆಗಳನ್ನು ಮೊದಲು ಪಕ್ಕಕ್ಕಿಡಿ

ಹತ್ತು ಹದಿನೈದು ವರ್ಷದ ಹಿಂದೆ ಹೋಗಿಬಂದ ಸ್ನೇಹಿತರು ಎರಡು ಜಾಗ ಹೇಳುತ್ತಾರೆ, ಎರಡೂ ಈಗಿಲ್ಲ.

ಒಂದು, ಹೊಳೆ ಆಚೆಯ ವಿರೂಪಾಪುರ ಗಡ್ಡೆ. ವಿದೇಶಿಯರು ತಿಂಗಳುಗಟ್ಟಲೆ ಬಿದ್ದಿರುತ್ತಿದ್ದ ಗುಡಿಸಲುಗಳು, ಜೋಕಾಲಿ, ಗಿಟಾರು, ಗದ್ದೆಗೆ ಮುಖ ಮಾಡಿದ ಹೋಟೆಲ್ಲುಗಳು. ಅವೆಲ್ಲ ಅನಧಿಕೃತವೆಂದು ಹೈಕೋರ್ಟ್ ಹೇಳಿದ್ದನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿ ಬಂದವು. ಈಗಲೂ ಅಂತರ್ಜಾಲದಲ್ಲಿ ಆ ಗುಡಿಸಲುಗಳ ಫೋಟೊ, ಐದು ನಕ್ಷತ್ರದ ಹೊಗಳಿಕೆ ಓಡಾಡುತ್ತಿರುತ್ತವೆ. ಅದೇ ಹೆಸರಿಟ್ಟುಕೊಂಡು ಬೇರೆ ಊರಿಗೆ ಹೋದ ಹೋಟೆಲ್ಲುಗಳೂ ಇವೆ, ಹಾಗಾಗಿ ಹೆಸರು ನೋಡಿ ನಂಬಬೇಡಿ, ನಕ್ಷೆಯಲ್ಲಿ ಜಾಗ ನೋಡಿ.

ಇನ್ನೊಂದು, ವಿರೂಪಾಕ್ಷನ ಎದುರಿನ ತೇರುಬೀದಿಯ ಮಂಟಪಗಳೊಳಗಿದ್ದ ಅಂಗಡಿ, ಮನೆ, ಲಾಡ್ಜುಗಳು. 2011ರ ಜುಲೈ ಕೊನೆಯಲ್ಲಿ ಅವನ್ನು ತೆರವು ಮಾಡಿದರು, ಅಲ್ಲಿದ್ದ ಕುಟುಂಬಗಳಿಗೆ ಕಡ್ಡಿರಾಂಪುರದ ಕಡೆ ಜಾಗ ಕೊಟ್ಟರು. ಒಂದು ಮಾತು ಇಲ್ಲಿ ಹೇಳಲೇಬೇಕು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ದೇವಸ್ಥಾನದ ಮುಂದಿನ ಬೀದಿಯನ್ನು ವರ್ಣಿಸುವಾಗ, ಅಲ್ಲಿನ ಚೆಂದದ ಮನೆಗಳ ಮೊಗಸಾಲೆಗಳಲ್ಲಿ ಯಾತ್ರಿಕರು ತಂಗುತ್ತಿದ್ದರು, ದೊಡ್ಡವರು ಇಳಿದುಕೊಳ್ಳಲು ಬೇರೆ ಮನೆಗಳಿದ್ದವು, ಅರಸನಿಗೂ ಅದೇ ಬೀದಿಯಲ್ಲಿ ಒಂದು ಅರಮನೆಯಿತ್ತು ಎಂದು ಬರೆದಿದ್ದಾನೆ. ಅಂದರೆ ಆ ಮಂಟಪಗಳಲ್ಲಿ ಜನ ರಾತ್ರಿ ಕಳೆಯುವುದು ಒತ್ತುವರಿಗಿಂತ ಬಹಳ ಹಳೆಯ ರೂಢಿ. ಇದ್ದ ಕಾಂಕ್ರೀಟು, ತಗಡು, ಬೋರ್ಡುಗಳನ್ನು ಕೀಳಬೇಕಿತ್ತು, ನಿಜ. ಜನರನ್ನೇ ಕಿತ್ತ ಮೇಲೆ ಬೀದಿ ಫೋಟೊಗೆ ಚೆನ್ನಾಗಿದೆ. ಸಂಜೆ ಏಳರ ನಂತರ ಅಲ್ಲಿ ನಡೆದರೆ ಮಾತ್ರ ಬಿಕೋ ಎನ್ನುತ್ತದೆ.

ಹೊಸಪೇಟೆ: ರೈಲಿಗೆ ಹತ್ತಿರ, ಹಂಪಿಗೆ ದೂರ

ಹಂಪಿಯಿಂದ ಹದಿಮೂರು ಕಿಲೋಮೀಟರ್. 2021ರಿಂದ ಜಿಲ್ಲಾ ಕೇಂದ್ರ. ನೂರು ಬಗೆಯ ಲಾಡ್ಜು, ಲಿಫ್ಟು, ಕಾರು ನಿಲ್ಲಿಸಲು ಜಾಗ, ಮಧ್ಯರಾತ್ರಿ ಇಳಿದರೂ ಸಿಗುವ ಬಿಸಿನೀರು, ಮಾಂಸದೂಟ, ಬಾರು, ಔಷಧಿ ಅಂಗಡಿ, ಆಸ್ಪತ್ರೆ. ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಇಳಿಯುವುದು ಇಲ್ಲೇ. ಬಸ್ ನಿಲ್ದಾಣದಿಂದ ಹಂಪಿಗೆ ದಿನವಿಡೀ ಬಸ್ ಇದೆ, ಅರ್ಧ ಗಂಟೆಯ ದಾರಿ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟೂ ಇಲ್ಲ.

ಹಾಗಿದ್ದರೆ ಕೊರತೆ ಏನು? ಸೂರ್ಯೋದಯಕ್ಕೆ ಮಾತಂಗದ ಮೇಲಿರಬೇಕೆಂದರೆ ಕತ್ತಲಲ್ಲಿ ಎದ್ದು ಆಟೋ ಗೊತ್ತು ಮಾಡಿಕೊಂಡು ಹೊರಡಬೇಕು. ಮಧ್ಯಾಹ್ನ ಬಿಸಿಲಿಗೆ ಒಂದು ಗಳಿಗೆ ಮಲಗಿ ಬರೋಣ ಎಂದರೆ ಹೋಗಿಬರುವುದಕ್ಕೇ ಒಂದು ಗಂಟೆ. ಹಾಗಾಗಿ ಹೊಸಪೇಟೆಯಲ್ಲಿ ಉಳಿದವರು ಸಾಮಾನ್ಯವಾಗಿ ಹತ್ತಕ್ಕೆ ಬಂದು, ಸುಡುಬಿಸಿಲಲ್ಲಿ ಕಲ್ಲಿನ ರಥ ನೋಡಿ, ಐವತ್ತು ರೂಪಾಯಿ ನೋಟು ಅದರ ಪಕ್ಕ ಹಿಡಿದು ಫೋಟೊ ತೆಗೆಸಿಕೊಂಡು, ಐದಕ್ಕೆ ಸುಸ್ತಾಗಿ ವಾಪಸಾಗುತ್ತಾರೆ. ಹಂಪಿ ನೋಡಿದೆವು, ಬಿಸಿಲಪ್ಪಾ ಬಿಸಿಲು ಎನ್ನುವವರಲ್ಲಿ ಹೆಚ್ಚಿನವರು ಇವರೇ.

ಊರನ್ನು ಹೀಗಳೆಯುತ್ತಿಲ್ಲ. ಕೃಷ್ಣದೇವರಾಯ ನಾಗಲಾಪುರ ಎಂಬ ಹೆಸರಲ್ಲಿ ಕಟ್ಟಿಸಿದ ಪಟ್ಟಣವೇ ಇಂದಿನ ಹೊಸಪೇಟೆ, ಆ ಲೆಕ್ಕದಲ್ಲಿ ಇದೂ ರಾಜಧಾನಿಯ ಬಡಾವಣೆಯೇ. ಕಮಲಾಪುರದ ದಾರಿಯಲ್ಲಿ ಅನಂತಶಯನಗುಡಿ ಎಂಬಲ್ಲಿ ಭಾರಿ ಗಾತ್ರದ ದೇವಸ್ಥಾನ ಇದೆ, ಪ್ರವಾಸಿಗರ ಬಸ್ಸುಗಳು ನಿಲ್ಲಿಸದೆ ಹೋಗುತ್ತವೆ, ನೀವು ನಿಲ್ಲಿಸಿ. ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುವುದಕ್ಕೆ ಹೊಸಪೇಟೆಯ ಬೀದಿಗಿಂತ ಒಳ್ಳೆಯ ಜಾಗ ಸುತ್ತಮುತ್ತ ಇಲ್ಲ. ತುಂಗಭದ್ರಾ ಅಣೆಕಟ್ಟೂ ಪಕ್ಕದಲ್ಲೇ. ರಾತ್ರಿ ರೈಲಿಗೆ ಹೊರಡುವ ಕೊನೆಯ ದಿನ, ಅಥವಾ ತಡರಾತ್ರಿ ಬಂದಿಳಿಯುವ ಮೊದಲ ದಿನ, ಅಥವಾ ಚಿಕ್ಕ ಮಗುವಿಗೆ ಹುಷಾರು ತಪ್ಪುವ ಭಯವಿದ್ದರೆ ಇಲ್ಲಿ ಉಳಿಯಿರಿ. ಹಂಪಿಗೆಂದೇ ಬಂದು ಮೂರು ರಾತ್ರಿಯೂ ಇಲ್ಲೇ ಕಳೆಯುವುದು ನನಗೆ ಒಪ್ಪುವ ಮಾತಲ್ಲ.

ಕಮಲಾಪುರ: ಅಪ್ಪ ಅಮ್ಮನ ಜೊತೆ ಹೋಗುವವರಿಗೆ

ಅರಮನೆ ಆವರಣಕ್ಕೆ ಅಂಟಿಕೊಂಡ ಊರು ಇದು. ಮಹಾನವಮಿ ದಿಬ್ಬ, ಮೆಟ್ಟಿಲು ಪುಷ್ಕರಿಣಿ, ಹಜಾರ ರಾಮ, ರಾಣಿ ಸ್ನಾನಗೃಹ, ಕಮಲ ಮಹಲು, ಗಜಶಾಲೆ ಎಲ್ಲವೂ ಇಲ್ಲಿಂದ ಹತ್ತು ಹದಿನೈದು ನಿಮಿಷದ ಒಳಗೆ. ಊರೊಳಗೇ ಪಟ್ಟಾಭಿರಾಮ ದೇವಸ್ಥಾನ. ದೊಡ್ಡದು, ಚೆಂದದ್ದು, ಹೆಚ್ಚಿನ ದಿನ ಒಬ್ಬ ಪ್ರವಾಸಿಯೂ ಇರುವುದಿಲ್ಲ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವೂ ಇಲ್ಲೇ. ಅಂಗಳದಲ್ಲಿ ಇಡೀ ಹಂಪಿಯ ಮಾದರಿ ಮಾಡಿಟ್ಟಿದ್ದಾರೆ, ಮೊದಲ ದಿನವೇ ಅದನ್ನು ನೋಡಿದರೆ ಬೆಟ್ಟ ಯಾವುದು, ಹೊಳೆ ಎತ್ತ ತಿರುಗುತ್ತದೆ, ಯಾವ ಗುಡಿ ಎಲ್ಲಿದೆ ಎಂಬ ಅಂದಾಜು ಸಿಗುತ್ತದೆ. ಶುಕ್ರವಾರ ರಜೆ.

ವಯಸ್ಸಾದವರಿದ್ದರೆ ಕಮಲಾಪುರಕ್ಕೆ ನನ್ನ ಮೊದಲ ಮತ. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಭುವನೇಶ್ವರಿ ಇಲ್ಲಿದೆ. ಸರ್ಕಾರಿ ಹೋಟೆಲ್ಲು ಎಂದರೆ ಹೇಗಿರುತ್ತದೋ ಹಾಗೆಯೇ ಇದೆ: ಅಗಲವಾದ ಕೋಣೆ, ಮರಗಳ ನೆರಳು, ಕಾರು ಬಾಗಿಲ ಹತ್ತಿರದವರೆಗೂ ಬರುತ್ತದೆ, ಉಳಿದದ್ದರಲ್ಲಿ ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಬೇಕು. ಅಮ್ಮನ ಮಂಡಿನೋವಿಗೆ ನೆಲಮಹಡಿಯ ಕೋಣೆ ಬೇಕೆಂದರೆ ಬುಕ್ ಮಾಡಿದ ಮೇಲೆ ಒಮ್ಮೆ ಫೋನ್ ಮಾಡಿ ಹೇಳಿಬಿಡಿ. ಬೆಳಗ್ಗೆ ಎಂಟಕ್ಕೆ ಹೊರಟು ಹನ್ನೊಂದಕ್ಕೆ ವಾಪಸ್, ಊಟ, ನಿದ್ದೆ, ನಾಲ್ಕಕ್ಕೆ ಮತ್ತೆ ಹೊರಗೆ. ಈ ಲಯ ಹೊಸಪೇಟೆಯಿಂದ ಸಾಧ್ಯವಿಲ್ಲ, ಇಲ್ಲಿಂದ ಆರಾಮ. ಸಂಜೆಗೆ ಹತ್ತಿರದ ಮಾಲ್ಯವಂತ ರಘುನಾಥ ದೇವಸ್ಥಾನದ ಗುಡ್ಡಕ್ಕೆ ಕಾರು ಮೇಲಿನವರೆಗೂ ಹೋಗುತ್ತದೆ, ಸೂರ್ಯಾಸ್ತಕ್ಕೆ ಯಾರೂ ಬೆಟ್ಟ ಹತ್ತಬೇಕಿಲ್ಲ.

ದುಡ್ಡಿರುವವರಿಗೂ ಇದೇ ಊರು. ವಿಜಯನಗರದ ಅರಮನೆಯ ಛಾಯೆಯಲ್ಲಿ ಕಟ್ಟಿದ ಐಷಾರಾಮಿ ಹೋಟೆಲ್ ಊರಾಚೆ ಇದೆ, ಒಂದು ರಾತ್ರಿಯ ಬಾಡಿಗೆಯಲ್ಲಿ ಜನತಾ ಪ್ಲಾಟಿನಲ್ಲಿ ವಾರಗಟ್ಟಲೆ ಇರಬಹುದು. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್‌ಗೆ ಇಳಿದುಕೊಳ್ಳಲು ಮನೆ ಕೊಟ್ಟು ದಿನಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಹ ಕೊಡುತ್ತಿದ್ದರಂತೆ, ಅವನೇ ಬರೆದುಕೊಂಡಿದ್ದಾನೆ. ಈಗಿನ ಅರಮನೆಯವರು ವರಹ ಕೊಡುವುದಿಲ್ಲ, ತೆಗೆದುಕೊಳ್ಳುತ್ತಾರೆ. ಕಾಡು ಇಷ್ಟವಾದವರಿಗೆ ಜಂಗಲ್ ಲಾಡ್ಜಸ್‌ನ ರೆಸಾರ್ಟ್ ಕೂಡ ಈ ಕಡೆಯೇ, ದರೋಜಿ ಕರಡಿಧಾಮಕ್ಕೆ ಮಧ್ಯಾಹ್ನದ ಮೇಲೆ ಹೋಗಿಬರಲು ಅನುಕೂಲ.

ಬುಕ್ ಮಾಡುವಾಗ ಜಿಲ್ಲೆಯ ಹೆಸರು ನೋಡಿಕೊಳ್ಳಿ. ಕಲಬುರಗಿ ಜಿಲ್ಲೆಯಲ್ಲೂ ಒಂದು ಕಮಲಾಪುರ ಇದೆ, ಕೆಂಪು ಬಾಳೆಹಣ್ಣಿಗೆ ಹೆಸರಾದದ್ದು. ಹಣ್ಣು ಬಹಳ ರುಚಿ, ಆದರೆ ಅಲ್ಲಿಂದ ವಿರೂಪಾಕ್ಷನ ಗೋಪುರ ಕಾಣುವುದಿಲ್ಲ.

ಕಮಲಾಪುರದ ಕೊರತೆ ಎಂದರೆ ರಾತ್ರಿ. ಎಂಟರ ಮೇಲೆ ಮಾಡಲು ಏನೂ ಇಲ್ಲ, ಹೊರಗೆ ಊಟಕ್ಕೂ ಆಯ್ಕೆ ಕಡಿಮೆ. ಹೊಳೆ ಇಲ್ಲಿಂದ ಕಾಣುವುದಿಲ್ಲ. ಊರ ಪಕ್ಕದ ಕಮಲಾಪುರ ಕೆರೆ ಇದೆ, ವಿಜಯನಗರದ ಕಾಲದ್ದು, ಈಗಲೂ ನೀರು ತುಂಬಿಕೊಳ್ಳುತ್ತದೆ. ಮುಂಜಾನೆ ಏರಿಯ ಮೇಲೆ ನಡೆದರೆ ಹಕ್ಕಿಗಳು ಸಿಗುತ್ತವೆ.

ಜನತಾ ಪ್ಲಾಟ್: ಕೋಣೆ ಸಣ್ಣದು, ಹೊಸ್ತಿಲಾಚೆ ಹಂಪಿ

ವಿರೂಪಾಕ್ಷ ದೇವಸ್ಥಾನದ ಪಕ್ಕ, ಹೊಳೆಗೂ ಗೋಪುರಕ್ಕೂ ನಡುವೆ ಒತ್ತೊತ್ತಾಗಿ ನಿಂತ ನಾಲ್ಕಾರು ಓಣಿ. ಹಂಪಿಯಲ್ಲಿ ಉಳಿಯುತ್ತೇವೆ ಎಂದು ಹೇಳಲು ಅರ್ಹತೆ ಇರುವುದು ಇಲ್ಲಿನವರಿಗೆ ಮಾತ್ರ. ಮನೆಯವರು ಕೆಳಗಿರುತ್ತಾರೆ, ಮೇಲೆ ಮೂರೋ ನಾಲ್ಕೋ ಕೋಣೆ, ಅದರ ಮೇಲೆ ತಗಡಿನ ಅಥವಾ ಗರಿಯ ಚಪ್ಪರ ಹಾಕಿದ ಊಟದ ಜಾಗ. ಪರಂಪರೆಯ ಪ್ರದೇಶವಾದ್ದರಿಂದ ಇಲ್ಲಿ ಹೊಸದಾಗಿ ಕಟ್ಟಲು, ಇದ್ದದ್ದನ್ನು ಏರಿಸಲು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಟ್ಟುನಿಟ್ಟು ಜಾಸ್ತಿ. ಹಾಗಾಗಿ ಕೋಣೆಗಳು ಹಳೆಯವು, ಕಿರಿದಾದವು, ಕೆಲವಕ್ಕೆ ಕಿಟಕಿ ತೆರೆದರೆ ಎದುರುಮನೆಯ ಗೋಡೆ. ಕಾರು ಬಾಗಿಲಿಗೆ ಬರುವುದಿಲ್ಲ, ನಿಲುಗಡೆಯಿಂದ ಸೂಟ್‌ಕೇಸ್ ಹೊತ್ತು ನಡೆಯಬೇಕು. ಮಾಂಸ, ಮದ್ಯ ಇಲ್ಲ. ಕರೆಂಟು ಹೋಗಬಹುದು. ಕೋತಿಗಳು ಖಂಡಿತ ಬರುತ್ತವೆ. ಮಾಳಿಗೆಯಲ್ಲಿ ಒಣಗಲು ಹಾಕಿದ ಅಂಗಿಯ ಮೇಲೆ ನಿಮಗಿಂತ ಅವಕ್ಕೇ ಹಕ್ಕು.

ಇಷ್ಟೆಲ್ಲ ಹೇಳಿಯೂ ಗಟ್ಟಿ ಕಾಲಿನವರಿಗೆ, ಒಂಟಿಯಾಗಿ ಹೋಗುವವರಿಗೆ, ಮೊದಲ ಸಲ ಹಂಪಿ ನೋಡುವವರಿಗೆ ನಾನು ಹೇಳುವುದು ಇದನ್ನೇ. ಬೆಳಗ್ಗೆ ಇಲ್ಲಿ ಏನು ಸಿಗುತ್ತದೆ ನೋಡಿ. ಐದೂವರೆಗೆ ಎದ್ದು ತೇರುಬೀದಿ ಹಿಡಿದು ಪೂರ್ವಕ್ಕೆ ನಡೆದರೆ ಎದುರು ಬಸವಣ್ಣ, ಅದರ ಬಲಕ್ಕೆ ಮಾತಂಗದ ದಾರಿ. ಮೇಲೆ ವೀರಭದ್ರನ ಗುಡಿಯ ಚಾವಣಿ ತಲುಪುವ ಹೊತ್ತಿಗೆ ಬೆಳಕು ಬಂದಿರುತ್ತದೆ. ಕೆಳಗೆ ಅಚ್ಯುತರಾಯನ ಗುಡಿ ಅಂಗೈಯಲ್ಲಿಟ್ಟಂತೆ ಕಾಣುತ್ತದೆ. ಕತ್ತಲಲ್ಲಿ ಒಬ್ಬರೇ ಹತ್ತಬೇಡಿ, ಹಿಂದೆ ಆ ದಾರಿಯಲ್ಲಿ ಸುಲಿಗೆ ನಡೆದದ್ದಿದೆ. ನಾಲ್ಕು ಜನ ಜೊತೆಯಾದ ಮೇಲೆ ಹೊರಡಿ, ಉಳಿದುಕೊಂಡ ಮನೆಯಲ್ಲಿ ಹೇಳಿ ಹೋಗಿ.

ಇಳಿದು ಬರುವಷ್ಟರಲ್ಲಿ ದೇವಸ್ಥಾನದ ಆನೆ ಲಕ್ಷ್ಮಿ ಸ್ನಾನಕ್ಕೆ ಹೊರಡುವ ಹೊತ್ತು. ಮೆಟ್ಟಿಲು ಒಂದೊಂದಾಗಿ ಇಳಿಯುತ್ತಾಳೆ, ಮುಂಗಾಲು ಊರಿ, ಒಂದು ಕ್ಷಣ ತಡೆದು, ಆಮೇಲೆ ಹಿಂಗಾಲು. ನೀರಿಗೆ ಬಂದು ಒಂದು ಮಗ್ಗುಲಿಗೆ ಹೊರಳಿದಳೆಂದರೆ ಮಾವುತ ಉಜ್ಜಲು ಶುರು. ಕಿವಿಯ ಹಿಂದೆ ಉಜ್ಜುವಾಗ ಸೊಂಡಿಲ ತುದಿ ಮಾತ್ರ ನೀರಿನ ಮೇಲಿರುತ್ತದೆ, ಬುಸ್ ಎಂದು ಉಸಿರು ಬಿಡುತ್ತದೆ. ಪಕ್ಕದಲ್ಲೇ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ, ತಲೆ ಎತ್ತಿಯೂ ನೋಡುವುದಿಲ್ಲ. ಹತ್ತಕ್ಕೆ ಬರುವ ಟೂರಿಸ್ಟ್ ಬಸ್ಸಿಗೆ ಇದು ಸಿಗುವುದಿಲ್ಲ.

ಅಲ್ಲಿಂದ ದೇವಸ್ಥಾನದೊಳಗೆ ಹೋಗಿ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಗೋಪುರದ ತಲೆಕೆಳಗಾದ ನೆರಳು ನೋಡಿ. ಗೋಡೆಯ ಕಿಂಡಿಯಿಂದ ಬರುವ ಬೆಳಕು ಎದುರು ಗೋಡೆಯ ಮೇಲೆ ಗೋಪುರವನ್ನು ಉಲ್ಟಾ ಮೂಡಿಸುತ್ತದೆ. ಪವಾಡ ಎನ್ನುವವರಿದ್ದಾರೆ, ಶಾಲೆಯಲ್ಲಿ ಮಾಡಿದ ಸೂಜಿರಂಧ್ರ ಕ್ಯಾಮೆರಾ ನೆನಪಿದ್ದವರಿಗೆ ಕಟ್ಟಿದವರ ಮೇಲೆ ಇನ್ನೂ ಗೌರವ ಹೆಚ್ಚುತ್ತದೆ.

ಇನ್ನೂ ಒಂದು ಲಾಭ ಇದೆ. ಇಲ್ಲಿಂದ ವಿಜಯ ವಿಠ್ಠಲಕ್ಕೆ ಹೊಳೆಯ ದಂಡೆಯಲ್ಲೇ ಕಾಲುದಾರಿ, ಎರಡು ಕಿಲೋಮೀಟರ್: ಚಕ್ರತೀರ್ಥ, ಕೋದಂಡರಾಮ, ಪುರಂದರ ಮಂಟಪ, ರಾಜರ ತುಲಾಭಾರದ ಕಮಾನು. ವಾಹನದವರು ರಸ್ತೆ ಸುತ್ತಿ ಬಂದು ಗೆಜ್ಜಲ ಮಂಟಪದ ಹತ್ತಿರ ಕಾರು ಬಿಟ್ಟು, ಅಲ್ಲಿಂದ ಹೆಣ್ಣುಮಕ್ಕಳು ಓಡಿಸುವ ಬ್ಯಾಟರಿ ಗಾಡಿಗೆ ಸಾಲು ನಿಲ್ಲುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬಂದವೆಂದರೆ ಆ ಸಾಲು ಕರಗುವುದೇ ಇಲ್ಲ. ನೀವು ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ನಡೆದೇ ತಲುಪಿರುತ್ತೀರಿ. ವಿಠ್ಠಲಕ್ಕೆ ತೆಗೆದ ಟಿಕೆಟ್ಟನ್ನು ಜೋಪಾನವಾಗಿಟ್ಟುಕೊಳ್ಳಿ, ಅದೇ ದಿನ ಕಮಲ ಮಹಲಿನ ಆವರಣಕ್ಕೂ ಅದೇ ನಡೆಯುತ್ತದೆ, ಮರುದಿನಕ್ಕೆ ನಡೆಯುವುದಿಲ್ಲ.

ಊಟದ ವಿಷಯ ಚುಟುಕಾಗಿ: ಓಣಿಯ ಚಪ್ಪರದ ಹೋಟೆಲ್ಲುಗಳ ಪಟ್ಟಿಯಲ್ಲಿ ಇಸ್ರೇಲಿನದು, ಇಟಲಿಯದು ಎಲ್ಲ ಇರುತ್ತದೆ. ಅದನ್ನು ಮಡಚಿಟ್ಟು, ಮನೆಯ ಅಕ್ಕನ ಹತ್ತಿರ ರೊಟ್ಟಿ ಊಟ ಮಾಡಿಕೊಡುತ್ತೀರಾ ಎಂದು ಹಿಂದಿನ ದಿನವೇ ಕೇಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು.

ಆನೆಗೊಂದಿ ಮತ್ತು ಸಾಣಾಪುರ: ಹೊಳೆ ಆಚೆ

ಇವೆರಡನ್ನೂ ಹೊಳೆ ಆಚೆ ಎಂದು ಒಂದೇ ಗಂಟಿನಲ್ಲಿ ಕಟ್ಟುತ್ತಾರೆ. ಸ್ವಭಾವದಲ್ಲಿ ಎರಡೂ ಬೇರೆ.

ಆನೆಗೊಂದಿ ಹಂಪಿಗಿಂತ ಹಿರಿಯ ಊರು, ವಿಜಯನಗರ ಹುಟ್ಟುವ ಮೊದಲೇ ಇತ್ತು. ಇವತ್ತಿಗೂ ಅದು ಊರೇ. ಕೋಟೆ ಬಾಗಿಲು ದಾಟಿ ಒಳಗೆ ಬಂದರೆ ಗಗನ ಮಹಲಿನ ಮುಂದೆ ಬಸ್ಸಿಗೆ ಕಾಯುವ ಮಕ್ಕಳು, ರಂಗನಾಥನ ಗುಡಿಯ ಎದುರು ಹರಟೆ ಕಟ್ಟೆ, ಮರದ ಕಂಬದ ಪಡಸಾಲೆಯ ಮನೆಗಳು. ಕೆಲವು ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಉಳಿಯುವವರಿಗೆ ಕೊಡುತ್ತಾರೆ. ಕಿಷ್ಕಿಂಧಾ ಟ್ರಸ್ಟ್‌ನ ಕೆಲಸದಿಂದ ಇಲ್ಲಿನ ಹೆಣ್ಣುಮಕ್ಕಳು ಬಾಳೆನಾರಿನಿಂದ ಬುಟ್ಟಿ, ಚಾಪೆ, ಚೀಲ ಹೆಣೆಯುವುದನ್ನು ಕಲಿತಿದ್ದಾರೆ, ಹೋಗಿ ನೋಡಬಹುದು. ಹೊಳೆಯ ನಡುವಿನ ನವಬೃಂದಾವನಕ್ಕೆ ದೋಣಿ ಹೊರಡುವುದೂ ಇಲ್ಲಿಂದಲೇ. ಕೃಷ್ಣದೇವರಾಯನ ಗುರು ವ್ಯಾಸರಾಯರ ಬೃಂದಾವನ ಅಲ್ಲಿದೆ. ವಿಜಯನಗರ ಕಾಲದ ಸೇತುವೆಯ ಕಲ್ಲುಕಂಬಗಳು ಇನ್ನೂ ನೀರಲ್ಲಿ ನಿಂತಿವೆ. ಓದುವವರಿಗೆ, ಬರೆಯುವವರಿಗೆ, ಹಂಪಿಗೆ ಎರಡನೇ ಸಲ ಬಂದವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಗದ್ದೆಯಲ್ಲಿ ಭತ್ತ ಹಸಿರಾಗಿರುವ ತಿಂಗಳುಗಳಲ್ಲಿ ಹೋದರೆ, ಸೈಕಲ್ ಮೇಲೆ ಪಂಪಾ ಸರೋವರದ ಕಡೆಗೆ ಹೋಗಿಬರುವುದೇ ಒಂದು ದಿನದ ಕಾರ್ಯಕ್ರಮ.

ಹನುಮ ಹುಟ್ಟಿದ ಜಾಗವೆಂದು ನಂಬುವ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲನ್ನು ಬೆಳಗಿನ ತಂಪಲ್ಲಿ ಹತ್ತಬೇಕೆನ್ನುವವರಿಗೂ ಈ ದಡವೇ ಸರಿ. ಆದರೆ ಶನಿವಾರ, ಭಾನುವಾರ ಮತ್ತು ಡಿಸೆಂಬರಿನ ಹನುಮಮಾಲೆಯ ದಿನಗಳಲ್ಲಿ ಜನ ಜಾತ್ರೆ. ಆನೆಗೊಂದಿಯ ಶಾಂತಿಗೆಂದು ಬಂದವರು ಆಗ ಬಂದರೆ ದಾರಿಯಲ್ಲೇ ಗಂಟೆಗಟ್ಟಲೆ ಕೂರಬೇಕಾಗುತ್ತದೆ.

ಸಾಣಾಪುರದ ಮಾತು ಬೇರೆ. ವಿರೂಪಾಪುರ ಗಡ್ಡೆ ಹೋದ ಮೇಲೆ ಅಲ್ಲಿನ ಗಿಟಾರು, ಜೋಕಾಲಿ ಎಲ್ಲ ಬಂದು ಸೇರಿದ್ದು ಈ ಕಡೆ. ಕೆರೆಯಲ್ಲಿ ಹರಿಗೋಲು, ಬಂಡೆ ಹತ್ತುವ ಆಟ, ಬಾಡಿಗೆ ಮೊಪೆಡ್ಡು, ಗದ್ದೆ ನೋಡುವ ಕಾಟೇಜುಗಳು. ಇಪ್ಪತ್ತೈದರ ಆಸುಪಾಸಿನ ಗೆಳೆಯರ ಗುಂಪಿಗೆ ಇಷ್ಟವಾಗುತ್ತದೆ. ನನಗೆ ಎರಡು ತಕರಾರು. ಮೊದಲನೆಯದು, ಇಲ್ಲಿನ ಎಲ್ಲ ರೆಸಾರ್ಟುಗಳಿಗೂ ಅನುಮತಿ ಇಲ್ಲ, ಅನಧಿಕೃತವಾದವುಗಳ ಮೇಲೆ ಆಗಾಗ ಕ್ರಮ ಆಗುತ್ತಲೇ ಇರುತ್ತದೆ. ಪೂರ್ತಿ ದುಡ್ಡು ಮುಂಗಡ ಕಟ್ಟಬೇಡಿ. ಎರಡನೆಯದು ಜೀವದ ವಿಷಯ. 2025ರ ಫೆಬ್ರುವರಿಯಲ್ಲಿ ಬಂಡೆಯಿಂದ ಹೊಳೆಗೆ ಹಾರಿದ ಯುವ ವೈದ್ಯೆಯೊಬ್ಬರು ಕೊಚ್ಚಿಹೋದರು. ಬಂಡೆಗಳ ನಡುವಿನ ನೀರು ಮೇಲೆ ಸುಮ್ಮನೆ ಕಂಡರೂ ಅಡಿಯಲ್ಲಿ ಸುಳಿ ಇರುತ್ತದೆ. ಅದೇ ಮಾರ್ಚ್‌ನಲ್ಲಿ ಎಡದಂಡೆ ಕಾಲುವೆಯ ಬಳಿ ರಾತ್ರಿ ನಕ್ಷತ್ರ ನೋಡುತ್ತ ಕೂತಿದ್ದವರ ಮೇಲೆ ಹಲ್ಲೆ, ಅತ್ಯಾಚಾರ, ಒಂದು ಕೊಲೆಯೂ ನಡೆಯಿತು. ಇದನ್ನು ಹೇಳಿ ಹೆದರಿಸುವ ಉದ್ದೇಶವಿಲ್ಲ, ಹಗಲಲ್ಲಿ ಅದು ಎಂದಿನ ಹಳ್ಳಿಯೇ. ಕತ್ತಲಾದ ಮೇಲೆ ಕಾಲುವೆ ದಂಡೆ, ನಿರ್ಜನ ಬಂಡೆಗಳ ಕಡೆ ಹೋಗಬೇಡಿ, ನಕ್ಷತ್ರ ಉಳಿದುಕೊಂಡ ಮನೆಯ ಮಾಳಿಗೆಯಿಂದಲೂ ಕಾಣುತ್ತದೆ.

ಹೊಳೆ ಆಚೆ ಉಳಿದವರು ಮರೆಯಬಾರದ್ದು: ಮುಖ್ಯ ಸ್ಮಾರಕಗಳೆಲ್ಲ ಈಚೆ. ಬೇಸಿಗೆಯಲ್ಲಿ, ಹಿಂಗಾರಿನಲ್ಲಿ ಹರಿಗೋಲಿನಲ್ಲಿ ದಾಟಿ ಬಂದುಬಿಡಬಹುದು. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಪುರಂದರ ಮಂಟಪವೇ ಮುಳುಗುತ್ತದೆ, ದೋಣಿ ನಿಂತುಹೋಗುತ್ತವೆ. ಜುಲೈನಿಂದ ಅಕ್ಟೋಬರಿನವರೆಗೆ ಹೋಗುವುದಿದ್ದರೆ ಹಿಂದಿನ ದಿನದ ಪೇಪರಿನಲ್ಲಿ ತುಂಗಭದ್ರೆಯ ಹೊರಹರಿವು ನೋಡಿಕೊಳ್ಳಿ.

ಹಾಗಾದರೆ ಯಾವುದು?

ಒಂದೇ ರಾತ್ರಿ ಇದ್ದರೆ ಜನತಾ ಪ್ಲಾಟ್, ಯೋಚನೆಯೇ ಬೇಡ. ಎರಡು ಮೂರು ರಾತ್ರಿ ಇದ್ದು ಕಾಲಲ್ಲಿ ಶಕ್ತಿ ಇದ್ದರೆ ಮೊದಲು ಜನತಾ ಪ್ಲಾಟ್, ಕೊನೆಯ ರಾತ್ರಿ ಆನೆಗೊಂದಿ. ಈ ಕ್ರಮ ಉಲ್ಟಾ ಮಾಡಬೇಡಿ. ಆನೆಗೊಂದಿಯ ನಿಧಾನಕ್ಕೆ ಒಮ್ಮೆ ಒಗ್ಗಿಕೊಂಡರೆ ಮತ್ತೆ ಟಿಕೆಟ್ಟಿನ ಸಾಲಿಗೆ ನಿಲ್ಲಲು ಮನಸ್ಸಾಗುವುದಿಲ್ಲ. ಅಪ್ಪ ಅಮ್ಮ, ಚಿಕ್ಕ ಮಕ್ಕಳು, ಸ್ವಂತ ಕಾರು ಇದ್ದರೆ ಕಮಲಾಪುರ. ಕಾರು ಇಲ್ಲದೆ ಕಮಲಾಪುರ ಆರಿಸಿಕೊಂಡರೆ ಪ್ರತಿ ಓಡಾಟಕ್ಕೂ ಆಟೋದವರ ಜೊತೆ ಚೌಕಾಸಿ ನಡೆಯುತ್ತಲೇ ಇರುತ್ತದೆ, ದಿನಕ್ಕಿಷ್ಟು ಎಂದು ಮೊದಲೇ ಮಾತಾಡಿಕೊಂಡು ಬಿಡುವುದು ವಾಸಿ. ಹೆಣ್ಣುಮಕ್ಕಳು ಒಬ್ಬರೇ ಹೋಗುವಾಗ ಮನೆಯವರು ಜೊತೆಗೇ ಇರುವ ಹೋಂಸ್ಟೇ ಆರಿಸಿ, ಅದು ಜನತಾ ಪ್ಲಾಟ್ ಆದರೂ ಸರಿ ಆನೆಗೊಂದಿ ಆದರೂ ಸರಿ. ಗದ್ದೆಯ ನಡುವಿನ ಒಂಟಿ ಕಾಟೇಜು ಬೇಡ.

ಹಂಪಿ ಉತ್ಸವದ ದಿನಗಳಲ್ಲಿ ಈ ಲೆಕ್ಕಾಚಾರ ಏನೂ ನಡೆಯುವುದಿಲ್ಲ. ಹಿಂದೆ ನವೆಂಬರಿನಲ್ಲಿ ಆಗುತ್ತಿದ್ದದ್ದು ಇತ್ತೀಚಿನ ವರ್ಷಗಳಲ್ಲಿ ಫೆಬ್ರುವರಿ ಆಸುಪಾಸಿಗೆ ಬಂದಿದೆ, ಆಗ ಹೊಸಪೇಟೆಯಲ್ಲೂ ಕೋಣೆ ಸಿಕ್ಕರೆ ಪುಣ್ಯ. ಚೈತ್ರದ ತೇರು, ಸಂಕ್ರಾಂತಿಯ ಹೊಳೆಸ್ನಾನಕ್ಕೂ ಹಾಗೆಯೇ ಜನ ಸೇರುತ್ತಾರೆ. ಕಲ್ಲು ನೋಡಲು ಬರುವವರು ಆ ದಿನಗಳನ್ನು ಬಿಡಿ, ಜನ ನೋಡಲು ಬರುವವರು ತಿಂಗಳ ಮುಂಚೆ ಬುಕ್ ಮಾಡಿ.

ಆ್ಯಪ್‌ನಲ್ಲಿ ಬುಕ್ ಮಾಡಿದರೂ ಒಂದು ಫೋನ್ ಮಾಡುವುದು ಒಳ್ಳೆಯದು. "ಅಣ್ಣಾ, ನಿಮ್ಮ ಮನೆ ಹೊಳೆಯಿಂದ ಯಾವ ಕಡೆ?" ಎಂದು ಶುರುಮಾಡಿ. "ಈ ಕಡೀನ ಐತ್ರಿ, ಗುಡಿ ಹಿಂದ" ಎಂದರೆ ಜನತಾ ಪ್ಲಾಟು. "ಹೊಳಿ ಆಚಿಗೆ ಬರ್ರಿ, ದೋಣಿ ಐತಿ" ಎಂದರೆ ಕೊನೆಯ ದೋಣಿ ಎಷ್ಟು ಹೊತ್ತಿಗೆ, ಅದು ತಪ್ಪಿದರೆ ಕರೆದುಕೊಂಡು ಹೋಗಲು ಗಾಡಿ ಕಳಿಸುತ್ತೀರಾ ಎಂದು ಕೇಳಿ. "ಹಂಪಿಯಿಂದ ಬರೇ ಐದು ನಿಮಿಷ ರ‍್ರೀ" ಎಂದವರಿಗೆ ಮಾತ್ರ, ನಡೆದರೆ ಐದೋ ಕಾರಲ್ಲಿ ಐದೋ ಎಂದು ಇನ್ನೊಮ್ಮೆ ಕೇಳಿ. ಬಿಸಿನೀರು ಎಷ್ಟರಿಂದ ಎಷ್ಟರವರೆಗೆ, ಬೆಳಗ್ಗೆ ಐದಕ್ಕೆ ಗೇಟು ತೆರೆಯುತ್ತಾರಾ ಎಂಬುದನ್ನೂ ಕೇಳಿ. ಮಾತಂಗಕ್ಕೆ ಹೊರಟವರು ಬೀಗ ಹಾಕಿದ ಗೇಟಿನ ಮುಂದೆ ಟಾರ್ಚ್ ಹಿಡಿದು ನಿಂತು ಮನೆಯವರನ್ನು ಕೂಗುವುದು ಆ ಓಣಿಗಳಲ್ಲಿ ಹೊಸದೇನಲ್ಲ.